ಎಚ್‌ಐವಿ ಚಿಕಿತ್ಸಾಲಯದಲ್ಲಿ ಕೋವಿಡ್ ಪರೀಕ್ಷೆ: ರೋಗಿಗೂ ಸಿಬ್ಬಂದಿಗೂ ಒಂದೇ ಸಾಲು



2020ರ ಮಾರ್ಚ್ 5ರಂದು ದಕ್ಷಿಣ ಆಫ್ರಿಕಾದಲ್ಲಿ ಮೊದಲ ಕೊರೊನಾ ಪ್ರಕರಣ ಪತ್ತೆಯಾಯಿತು. ಆ ದೇಶದಲ್ಲಿ ಎಚ್‌ಐವಿ ಸೋಂಕಿನೊಂದಿಗೆ ಬದುಕುತ್ತಿರುವವರು 75 ಲಕ್ಷಕ್ಕೂ ಹೆಚ್ಚು. ಜಗತ್ತಿನ ಬೇರಾವ ದೇಶದಲ್ಲೂ ಇಷ್ಟು ಮಂದಿಯಿಲ್ಲ. ಅವರಲ್ಲಿ ಬಹುಪಾಲು ಜನ ಸರ್ಕಾರಿ ಕ್ಲಿನಿಕ್ಕಿಗೆ ಬಂದು, ಬೆಂಚಿನ ಮೇಲೆ ಕಾದು, ಮಾತ್ರೆ ತೆಗೆದುಕೊಂಡು ಹೋಗುವವರು. ಅದೇ ಬೆಂಚಿನ ತುದಿಯಲ್ಲಿ ಕ್ಷಯರೋಗಿಯೊಬ್ಬರು ಕೆಮ್ಮುತ್ತಾ ಕುಳಿತಿರುತ್ತಾರೆ. ಕೌಂಟರಿನ ಆಚೆ ಮಾತ್ರೆ ಎಣಿಸುವವರು, ರಕ್ತ ತೆಗೆಯುವವರು, ಸಮಾಧಾನ ಹೇಳುವವರು ಇರುತ್ತಾರೆ. ಹೊಸ ವೈರಸ್ ಈ ಕೋಣೆಯೊಳಗೆ ಬಂದರೆ ಮೊದಲು ಪರೀಕ್ಷೆ ಮಾಡಬೇಕಾದದ್ದು ಯಾರಿಗೆ? ಪಾಸಿಟಿವ್ ಬಂದವರಿಗೆ ಆ ದಿನದ ಮಾತ್ರೆ ಕೊಡುವವರು ಯಾರು? ನರ್ಸಿಗೇ ಪಾಸಿಟಿವ್ ಬಂದರೆ ಕ್ಲಿನಿಕ್ಕಿನ ಬಾಗಿಲು ತೆರೆಯುವವರು ಯಾರು?

ಈ ಮೂರು ಪ್ರಶ್ನೆಗಳ ಸುತ್ತ ಇಂದಿನ ಉಪನ್ಯಾಸ. ಹೆಚ್ಚಿನ ಉದಾಹರಣೆಗಳು ದಕ್ಷಿಣ ಆಫ್ರಿಕಾದವು, ಏಕೆಂದರೆ ಎಚ್‌ಐವಿ ಮತ್ತು ಕೋವಿಡ್ ಅತಿ ದೊಡ್ಡ ಪ್ರಮಾಣದಲ್ಲಿ ಎದುರಾದದ್ದು ಅಲ್ಲಿ. ಕರ್ನಾಟಕದ ಎಆರ್‌ಟಿ (ಎಚ್‌ಐವಿ ಔಷಧ ಚಿಕಿತ್ಸೆ) ಕೇಂದ್ರಗಳ ಮಾತು ಕೊನೆಯ ಭಾಗದಲ್ಲಿ ಬರುತ್ತದೆ.

ಖಯೆಲಿತ್ಶಾದ ದಾಖಲೆಗಳು ಹೇಳಿದ್ದು

ಕೇಪ್‌ಟೌನ್ ನಗರದ ಆಗ್ನೇಯಕ್ಕೆ ಖಯೆಲಿತ್ಶಾ ಎಂಬ ದೊಡ್ಡ ಬಡಾವಣೆಯಿದೆ. ತಗಡಿನ ಮನೆಗಳು ಒತ್ತೊತ್ತಾಗಿ ನಿಂತ, ಹಲವು ಮನೆಗಳಿಗೆ ಒಂದೇ ನಲ್ಲಿ ಇರುವ ಜಾಗ. ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್ ಸಂಸ್ಥೆ 1999ರಲ್ಲಿ ಇಲ್ಲಿ ಎಚ್‌ಐವಿ ಕೆಲಸ ಆರಂಭಿಸಿತು. 2001ರ ಮೇ ತಿಂಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲೇ ಎಆರ್‌ಟಿ ಮಾತ್ರೆ ಕೊಡತೊಡಗಿತು. ಅಧ್ಯಕ್ಷ ಥಾಬೊ ಎಂಬೆಕಿ ಎಚ್‌ಐವಿಯಿಂದಲೇ ಏಡ್ಸ್ ಬರುತ್ತದೆಂಬುದನ್ನು ಅನುಮಾನಿಸುತ್ತಿದ್ದ ಕಾಲ ಅದು. ಬಡವರಿಗೆ ಹೊತ್ತುಹೊತ್ತಿಗೆ ಮಾತ್ರೆ ನುಂಗುವ ಶಿಸ್ತು ಬಾರದು ಎಂದು ದೂರದ ದೇಶಗಳ ತಜ್ಞರು ಹೇಳುತ್ತಿದ್ದರು. ಅದೇ ವರ್ಷದ ಫೆಬ್ರುವರಿಯಲ್ಲಿ ಮುಂಬೈಯ ಸಿಪ್ಲಾ ಕಂಪನಿ ಮೂರು ಔಷಧಗಳ ಚಿಕಿತ್ಸೆಯನ್ನು ರೋಗಿಯೊಬ್ಬರಿಗೆ ವರ್ಷಕ್ಕೆ 350 ಡಾಲರ್ ದರದಲ್ಲಿ ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್ ಸಂಸ್ಥೆಗೆ ಕೊಡಲು ಮುಂದೆ ಬಂದಿತು. ಖಯೆಲಿತ್ಶಾದ ರೋಗಿಗಳು ಮಾತ್ರೆ ತಪ್ಪಿಸಲಿಲ್ಲ, ಬದುಕಿ ತೋರಿಸಿದರು.

ಇಪ್ಪತ್ತು ವರ್ಷಗಳ ಆ ಕೆಲಸದ ಲೆಕ್ಕಪತ್ರ 2020ರಲ್ಲಿ ನೆರವಿಗೆ ಬಂತು. ಕೇಪ್‌ಟೌನ್ ಇರುವ ವೆಸ್ಟರ್ನ್ ಕೇಪ್ ಪ್ರಾಂತ್ಯದ ಸರ್ಕಾರಿ ಆಸ್ಪತ್ರೆಗೆ ಬರುವ ಪ್ರತಿಯೊಬ್ಬರಿಗೂ ಒಂದು ಗುರುತು ಸಂಖ್ಯೆಯಿದೆ. ಎಚ್‌ಐವಿ, ಕ್ಷಯ, ಮಧುಮೇಹಗಳ ದಾಖಲೆಗಳೆಲ್ಲ ಅದರ ಕೆಳಗೆ ಕೂಡುತ್ತವೆ. ಕೋವಿಡ್ ಫಲಿತಾಂಶವೂ ಅಲ್ಲಿಗೇ ಬಂದು ಸೇರಿತು. ಆಂಡ್ರ್ಯೂ ಬೂಲ್, ಮೇರಿ-ಆನ್ ಡೇವಿಸ್ ಮತ್ತು ಸಂಗಡಿಗರು 2020ರ ಮಾರ್ಚ್ 1ರಿಂದ ಜೂನ್ 9ರವರೆಗಿನ ದಾಖಲೆಗಳನ್ನು ಪರಿಶೀಲಿಸಿದರು. ಒಟ್ಟು 34,60,932 ವಯಸ್ಕರು, ಅವರಲ್ಲಿ ಶೇ. 16 ಮಂದಿಗೆ ಎಚ್‌ಐವಿ. ಕೋವಿಡ್ ಪತ್ತೆಯಾದವರು 22,308; ತೀರಿಕೊಂಡವರು 625. ವಯಸ್ಸು ಮತ್ತು ಇತರ ಕಾಯಿಲೆಗಳನ್ನು ಸರಿದೂಗಿಸಿ ನೋಡಿದಾಗ ಎಚ್‌ಐವಿ ಇದ್ದವರಲ್ಲಿ ಕೋವಿಡ್‌ನಿಂದ ಸಾಯುವ ಅಪಾಯ ಎರಡು ಪಟ್ಟಿಗಿಂತ ತುಸು ಹೆಚ್ಚಿತ್ತು. ಆ ಹೊತ್ತಿನಲ್ಲಿ ಕ್ಷಯ ಇದ್ದವರಲ್ಲಿ ಅಪಾಯ ಎರಡೂವರೆ ಪಟ್ಟನ್ನು ದಾಟಿತ್ತು.

ಮೇಲ್ನೋಟಕ್ಕೆ ಇವು ಹೆದರಿಸುವ ಅಂಕಿಗಳು. ಆದರೆ ಅದೇ ಅಧ್ಯಯನದ ಪ್ರಕಾರ ಒಟ್ಟು ಕೋವಿಡ್ ಸಾವುಗಳಲ್ಲಿ ಎಚ್‌ಐವಿಯ ಪಾಲು ಶೇ. 8.5ರಷ್ಟು ಮಾತ್ರ. ಎಚ್‌ಐವಿ ಇಷ್ಟು ವ್ಯಾಪಕವಾಗಿರುವ ನಾಡಿನಲ್ಲೂ ದೊಡ್ಡ ಹೊರೆ ಹೊತ್ತದ್ದು ವಯಸ್ಸು ಮತ್ತು ಮಧುಮೇಹ. ಸ್ಪೇನಿನ 60 ಆಸ್ಪತ್ರೆಗಳಲ್ಲಿ ಎಆರ್‌ಟಿ ಪಡೆಯುತ್ತಿದ್ದ 77,590 ಮಂದಿಯಲ್ಲಿ 2020ರ ಏಪ್ರಿಲ್ ಮಧ್ಯದವರೆಗೆ ಕೋವಿಡ್ ದೃಢಪಟ್ಟದ್ದು 236 ಮಂದಿಗೆ, ಮೃತರು 20. ಇಂಗ್ಲೆಂಡಿನ ಒಂದು ಕೋಟಿ ಎಪ್ಪತ್ತು ಲಕ್ಷಕ್ಕೂ ಹೆಚ್ಚು ವಯಸ್ಕರ ದಾಖಲೆಗಳಲ್ಲಿ ಎಚ್‌ಐವಿ ಇದ್ದವರ ಅಪಾಯ ಎರಡೂವರೆ ಪಟ್ಟು ಎಂದು ಕಂಡಿತು. ವಿಶ್ವ ಆರೋಗ್ಯ ಸಂಸ್ಥೆ 2021ರ ಜುಲೈನಲ್ಲಿ 24 ದೇಶಗಳ ಆಸ್ಪತ್ರೆ ದಾಖಲೆಗಳನ್ನು ಒಟ್ಟು ಮಾಡಿ, ಆಸ್ಪತ್ರೆಗೆ ದಾಖಲಾದ ಮೇಲೆ ಎಚ್‌ಐವಿ ಇದ್ದವರು ಸಾಯುವ ಸಾಧ್ಯತೆ ಸುಮಾರು ಶೇ. 30 ಹೆಚ್ಚು ಎಂದು ಹೇಳಿತು.

ಅಂಕಿಗಳು ದೇಶದಿಂದ ದೇಶಕ್ಕೆ ಹೀಗೆ ಬದಲಾಗಲು ಒಂದು ಕಾರಣ, ಪರೀಕ್ಷೆ ಸಿಕ್ಕಿದ್ದು ಯಾರಿಗೆ ಎಂಬುದು. ಉಸಿರು ಕಟ್ಟಿದವರನ್ನಷ್ಟೇ ಪರೀಕ್ಷಿಸಿದರೆ ಒಂದು ಚಿತ್ರ ಬರುತ್ತದೆ, ಮಾತ್ರೆಗೆ ಬಂದವರನ್ನೆಲ್ಲ ಪರೀಕ್ಷಿಸಿದರೆ ಇನ್ನೊಂದು. ಸ್ಯಾನ್ ಫ್ರಾನ್ಸಿಸ್ಕೊದ ಸಾರ್ವಜನಿಕ ಆಸ್ಪತ್ರೆಯೊಂದರಲ್ಲಿ ಬೇರೆ ತಪಾಸಣೆಗೆ ತೆಗೆದು ಉಳಿದಿದ್ದ ರಕ್ತದಲ್ಲೇ ಕೊರೊನಾ ಪ್ರತಿಕಾಯ ಹುಡುಕಿದರು. ಎಚ್‌ಐವಿ ಇಲ್ಲದವರಲ್ಲಿ ಶೇ. 7.4 ಮಂದಿಗೆ, ಇದ್ದವರಲ್ಲಿ ಶೇ. 3.7 ಮಂದಿಗೆ ಪ್ರತಿಕಾಯ ಕಂಡಿತು. ಸೋಂಕು ತಗಲಿದವರ ಪ್ರಮಾಣ ಅರ್ಧಕ್ಕರ್ಧ ಕಡಿಮೆ. ಆದರೆ ತಗಲಿದವರಲ್ಲಿ ಕಾಯಿಲೆ ತೀವ್ರವಾದದ್ದು ಹೆಚ್ಚು, ಪ್ರತಿಕಾಯದ ಮಟ್ಟವೂ ಕಡಿಮೆ. ಎಚ್‌ಐವಿ ಇದ್ದವರು ಎಚ್ಚರಿಕೆಯಿಂದ ಮನೆಯಲ್ಲೇ ಉಳಿದಿದ್ದರೂ ಲೆಕ್ಕ ಹೀಗೆಯೇ ಕಾಣುತ್ತದೆ, ಅವರ ದೇಹ ಪ್ರತಿಕಾಯವನ್ನು ಕಡಿಮೆ ತಯಾರಿಸಿದರೂ ಹೀಗೆಯೇ ಕಾಣುತ್ತದೆ. ಒಂದು ಸಲದ ಪರೀಕ್ಷೆಯಿಂದ ಇವೆರಡನ್ನು ಬೇರ್ಪಡಿಸಲಾಗದು.

ಒಂದು ಯಂತ್ರ, ಎರಡು ಸಾಲು

ಕೋವಿಡ್ ಪರೀಕ್ಷೆಗೆ ದಕ್ಷಿಣ ಆಫ್ರಿಕಾ ಬೇಗ ಸಜ್ಜಾದದ್ದು ಎಚ್‌ಐವಿ ಮತ್ತು ಕ್ಷಯಕ್ಕಾಗಿ ಕಟ್ಟಿದ್ದ ಪ್ರಯೋಗಾಲಯಗಳಿಂದ. ಜೀನ್‌ಎಕ್ಸ್‌ಪರ್ಟ್ ಯಂತ್ರಗಳು ಮೊದಲೇ ಊರೂರಿನಲ್ಲಿದ್ದವು. ಕರ್ನಾಟಕದ ಜಿಲ್ಲಾಸ್ಪತ್ರೆಗಳಲ್ಲಿ ಇದೇ ಯಂತ್ರವನ್ನು ಸಿಬಿನ್ಯಾಟ್ ಎನ್ನುತ್ತಾರೆ. ಕಫದಲ್ಲಿ ಕ್ಷಯದ ರೋಗಾಣು ಹುಡುಕಲು ಬಳಸುವುದು ಇದನ್ನೇ. 2020ರ ಮಾರ್ಚ್ ತಿಂಗಳಲ್ಲಿ ಇದರ ಕೊರೊನಾ ಕಾರ್ಟ್ರಿಡ್ಜ್‌ಗೆ ಅಮೆರಿಕದಲ್ಲಿ ತುರ್ತು ಅನುಮತಿ ಸಿಕ್ಕಿತು.

ಅದರ ಕೆಲಸ ಹೀಗೆ. ಗೌನು, ಮಾಸ್ಕು, ಫೇಸ್ ಶೀಲ್ಡ್ ತೊಟ್ಟ ನರ್ಸ್ ಉದ್ದನೆಯ ಕಡ್ಡಿಯನ್ನು ಮೂಗಿನ ಹಿಂಭಾಗದವರೆಗೆ ತಳ್ಳಿ, ಕೆಲವು ಸಲ ತಿರುಗಿಸಿ ಹೊರತೆಗೆಯುತ್ತಾರೆ. ರೋಗಿಯ ಕಣ್ಣಲ್ಲಿ ನೀರು ಬರುತ್ತದೆ, ಸೀನು ಬರುತ್ತದೆ. ನರ್ಸಿಗೆ ಅತಿ ಹೆಚ್ಚು ಅಪಾಯವಿರುವುದೂ ಆ ಗಳಿಗೆಯಲ್ಲೇ. ಕಡ್ಡಿಯ ತುದಿಯನ್ನು ದ್ರಾವಣವಿರುವ ಕೊಳವೆಯಲ್ಲಿ ಮುರಿದು ಮುಚ್ಚಳ ಹಾಕುತ್ತಾರೆ. ತಂತ್ರಜ್ಞರು ಪಿಪೆಟ್ಟಿನಿಂದ 300 ಮೈಕ್ರೊಲೀಟರ್ ದ್ರವ ತೆಗೆದು ಕಾರ್ಟ್ರಿಡ್ಜಿನ ತೂತಿಗೆ ಬಿಡುತ್ತಾರೆ. ಬಾರ್‌ಕೋಡ್ ತೋರಿಸಿ ಯಂತ್ರದ ಖಾನೆಯೊಳಗಿಟ್ಟು ಬಾಗಿಲು ಹಾಕಿದರೆ ಮುಂದಿನದೆಲ್ಲ ಒಳಗೇ ನಡೆಯುತ್ತದೆ. ಸುಮಾರು 45 ನಿಮಿಷದಲ್ಲಿ ವೈರಸ್ಸಿನ ಎರಡು ಜೀನುಗಳಿವೆಯೇ ಇಲ್ಲವೇ ಎಂಬ ಉತ್ತರ ಪರದೆಯ ಮೇಲೆ ಬರುತ್ತದೆ. ಸಾಮಾನ್ಯವಾಗಿ ಕಾಣುವ ಯಂತ್ರಕ್ಕೆ ನಾಲ್ಕು ಖಾನೆ. ಒಮ್ಮೆಗೆ ನಾಲ್ಕೇ ಜನರ ಉತ್ತರ.

ಇಕ್ಕಟ್ಟು ಶುರುವಾದದ್ದು ಇಲ್ಲೇ. ಖಾನೆ ನಾಲ್ಕು, ಕಾಯಿಲೆ ಎರಡು. ಕೊರೊನಾ ಕಾರ್ಟ್ರಿಡ್ಜ್ ಜಗತ್ತಿನಾದ್ಯಂತ ಸಾಲದಾಯಿತು, ದೊಡ್ಡ ಪ್ರಯೋಗಾಲಯಗಳಲ್ಲಿ ರಾಸಾಯನಿಕಗಳೂ ಮುಗಿದವು. 2020ರ ಮೇ 25ರ ಹೊತ್ತಿಗೆ ದಕ್ಷಿಣ ಆಫ್ರಿಕಾದಲ್ಲಿ ಫಲಿತಾಂಶ ಬಾರದೆ ಉಳಿದಿದ್ದ ಮಾದರಿಗಳು 96 ಸಾವಿರ ದಾಟಿದ್ದವು. ವಾರ ಕಳೆದು ಬರುವ ಫಲಿತಾಂಶ ರೋಗಿಗೂ ಬೇಡ, ನರ್ಸಿಗೂ ಬೇಡ; ಅಷ್ಟರೊಳಗೆ ಸೋಂಕು ಹರಡುವ ದಿನಗಳು ಕಳೆದಿರುತ್ತವೆ. ಹಾಗಾಗಿ ಜೂನ್ ಆರಂಭದಲ್ಲಿ ಕೇಪ್‌ಟೌನಿನ ಸರ್ಕಾರಿ ವ್ಯವಸ್ಥೆ ಕಠಿಣವಾದ ತೀರ್ಮಾನ ತೆಗೆದುಕೊಂಡಿತು. ಆಸ್ಪತ್ರೆಗೆ ದಾಖಲಾಗುವವರು, ಆರೋಗ್ಯ ಸಿಬ್ಬಂದಿ, 55 ದಾಟಿದವರು, ಜೊತೆ ಕಾಯಿಲೆ ಇರುವವರು ಇವರಿಗೆ ಮೊದಲು ಪರೀಕ್ಷೆ. ಉಳಿದವರು ಲಕ್ಷಣ ಕಂಡರೆ ಮನೆಯಲ್ಲೇ ಪ್ರತ್ಯೇಕ ಉಳಿಯಬೇಕು.

ಆ ಪಟ್ಟಿಯಲ್ಲಿ ಸಿಬ್ಬಂದಿ ಮತ್ತು ದುರ್ಬಲ ರೋಗಿ ಅಕ್ಕಪಕ್ಕದಲ್ಲಿದ್ದರು. ಅದು ಸರಿಯಾದ ತೀರ್ಮಾನವೇ ಆಗಿತ್ತು. ಆದರೆ ಇನ್ನೊಂದು ಸಾಲು ಮೌನವಾಗಿ ಕರಗುತ್ತಿತ್ತು. ಲಾಕ್‌ಡೌನ್ ಹೇರಿದ ವಾರಗಳಲ್ಲಿ ದೇಶದಲ್ಲಿ ಕ್ಷಯದ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಗಳು ಸರಾಸರಿ ಶೇ. 48ರಷ್ಟು ಇಳಿದವೆಂದು ಅಲ್ಲಿನ ರಾಷ್ಟ್ರೀಯ ಸಾಂಕ್ರಾಮಿಕ ರೋಗ ಸಂಸ್ಥೆ ವರದಿ ಮಾಡಿತು. ಕ್ವಾಜುಲು-ನಟಾಲ್ ಪ್ರಾಂತ್ಯದ 65 ಕ್ಲಿನಿಕ್‌ಗಳ ಲೆಕ್ಕ ನೋಡಿದರೆ ಏಪ್ರಿಲ್‌ನಲ್ಲಿ ಎಚ್‌ಐವಿ ಪರೀಕ್ಷೆಗಳು ಸುಮಾರು ಅರ್ಧಕ್ಕೆ ಬಿದ್ದಿದ್ದವು. ಎಚ್‌ಐವಿ ಇದ್ದವರಿಗೆ ಕ್ಷಯವೇ ಅತಿ ದೊಡ್ಡ ಕೊಲೆಗಾರ. ಕೆಮ್ಮು ಮತ್ತು ಜ್ವರ ಎರಡೂ ಕಾಯಿಲೆಗಳ ಲಕ್ಷಣ. ಕೊರೊನಾ ನೆಗೆಟಿವ್ ಎಂದು ಮನೆಗೆ ಕಳುಹಿಸಿದವರ ಕಫವನ್ನು ಯಾರೂ ಕೇಳದಿದ್ದರೆ ಆ ಪರೀಕ್ಷೆಯಿಂದ ಅವರಿಗೆ ಆದ ಉಪಕಾರವೇನು?

ಕೌಂಟರಿನ ಆಚೆ ಬದಿ

2020ರ ಮಾರ್ಚ್ 31ರಂದು ಡರ್ಬನ್ನಿನಲ್ಲಿ ಗೀತಾ ರಾಮ್‌ಜೀ ಕೋವಿಡ್‌ನಿಂದ ತೀರಿಕೊಂಡರು. ಯುಗಾಂಡಾದಲ್ಲಿ ಹುಟ್ಟಿ ದಕ್ಷಿಣ ಆಫ್ರಿಕಾದಲ್ಲಿ ನೆಲೆಸಿದ, ಭಾರತೀಯ ಮೂಲದ ವಿಜ್ಞಾನಿ. ಹೆಣ್ಣುಮಕ್ಕಳು ತಾವೇ ಬಳಸಬಹುದಾದ ಎಚ್‌ಐವಿ ತಡೆ ಸಾಧನಗಳಿಗಾಗಿ ದಶಕಗಳ ಕಾಲ ದುಡಿದವರು. ಕೆಲವೇ ದಿನಗಳ ಹಿಂದೆ ಲಂಡನ್ನಿನಿಂದ ಮರಳಿದ್ದರು. ಎಚ್‌ಐವಿ ಕ್ಷೇತ್ರದಲ್ಲಿ ಕೆಲಸ ಮಾಡುವವರಿಗೆ ಆ ಸಾವು ಬಹಳ ನೋವು ಕೊಟ್ಟಿತು. ರೋಗಿಗಳನ್ನು ಕಾಪಾಡುವ ಯೋಚನೆಯಲ್ಲಿದ್ದವರು ತಮ್ಮ ಬಗ್ಗೆಯೂ ಯೋಚಿಸುವಂತೆ ಮಾಡಿತು.

ಅದೇ ನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮಾರ್ಚ್ 9 ಮತ್ತು ಏಪ್ರಿಲ್ 30ರ ನಡುವೆ 119 ಮಂದಿಗೆ ಸೋಂಕು ತಗಲಿತು. 39 ರೋಗಿಗಳು, 80 ಸಿಬ್ಬಂದಿ. ಆ ರೋಗಿಗಳಲ್ಲಿ 15 ಮಂದಿ ಸತ್ತರು. ಇದರ ಮೂಲ ಹುಡುಕಿದವರು ಎಚ್‌ಐವಿಯಲ್ಲಿ ಪಳಗಿದ ರಿಚರ್ಡ್ ಲೆಸೆಲ್ಸ್, ಟೂಲಿಯೊ ಡಿ ಒಲಿವೇರಾ ಮತ್ತು ಅವರ ತಂಡ. ಎಚ್‌ಐವಿ ವೈರಸ್ಸಿನ ಜೀನುಗಳನ್ನು ಓದುತ್ತಿದ್ದ ಕಣ್ಣುಗಳೇ ಈಗ ಕೊರೊನಾದ ಜೀನುಗಳನ್ನು ಓದಿದವು. ಸೋಂಕು ಒಂದೇ ಸಲ ಆಸ್ಪತ್ರೆಯ ಒಳಗೆ ಬಂದು ವಾರ್ಡಿನಿಂದ ವಾರ್ಡಿಗೆ ಹರಡಿತ್ತು ಎಂಬುದನ್ನು ಅವರು ತೋರಿಸಿದರು. ಸ್ಥಳಾಂತರಗೊಂಡ ರೋಗಿಗಳ ಜೊತೆ, ಓಡಾಡುವ ಸಿಬ್ಬಂದಿಯ ಜೊತೆ ಸೋಂಕೂ ಓಡಾಡಿತ್ತು. ರೋಗಿಯ ಪರೀಕ್ಷೆ ಬೇರೆ, ಸಿಬ್ಬಂದಿಯ ಪರೀಕ್ಷೆ ಬೇರೆ ಎಂದು ಎರಡು ಕಡತ ಇಟ್ಟಿದ್ದರೆ ಆ ಸರಪಳಿ ಕಾಣುತ್ತಲೇ ಇರಲಿಲ್ಲ.

ಎಚ್‌ಐವಿ ಕ್ಲಿನಿಕ್ಕಿನಲ್ಲಿ ರೋಗಿ ಮತ್ತು ಸಿಬ್ಬಂದಿಯ ನಡುವಿನ ಗೋಡೆ ಇನ್ನೂ ತೆಳು. ಕೇಪ್‌ಟೌನಿನಲ್ಲಿ 2001ರಲ್ಲಿ ಶುರುವಾದ ಮದರ್ಸ್ ಟು ಮದರ್ಸ್ ಸಂಸ್ಥೆ ಎಚ್‌ಐವಿ ಇರುವ ತಾಯಂದಿರಿಗೇ ಸಂಬಳ ಕೊಟ್ಟು, ಬಸುರಿಯರಿಗೆ ಧೈರ್ಯ ಹೇಳುವ ಕೆಲಸಕ್ಕೆ ನೇಮಿಸುತ್ತದೆ. ಭಾರತದ ಎಆರ್‌ಟಿ ಕೇಂದ್ರಗಳಲ್ಲೂ ಕೇರ್ ಕೋಆರ್ಡಿನೇಟರ್ ಹುದ್ದೆಗೆ ಎಚ್‌ಐವಿಯೊಂದಿಗೆ ಬದುಕುತ್ತಿರುವವರನ್ನೇ ತೆಗೆದುಕೊಳ್ಳುವ ರೂಢಿಯಿದೆ. ಮಾತ್ರೆಯ ಸಾಲು ನೋಡಿಕೊಳ್ಳುವವರು ಸಂಜೆ ಅದೇ ಕೌಂಟರಿನಿಂದ ತಮ್ಮ ಮಾತ್ರೆಯನ್ನೂ ತೆಗೆದುಕೊಂಡು ಹೋಗುತ್ತಾರೆ. ಇಂಥವರು ಸಿಬ್ಬಂದಿಯೋ ರೋಗಿಯೋ? ಎರಡೂ. ಅವರಿಗೆ ಜ್ವರ ಬಂದ ದಿನ ರಜೆಯೂ ಬೇಕು, ಸಂಬಳವೂ ಬೇಕು, ಪರೀಕ್ಷೆಯ ಫಲಿತಾಂಶ ಗುಟ್ಟಾಗಿಯೂ ಉಳಿಯಬೇಕು. ಗುತ್ತಿಗೆ ನೌಕರರಾಗಿದ್ದರೆ ಇವುಗಳಲ್ಲಿ ಒಂದು ತಪ್ಪಿದರೂ ಅವರು ಲಕ್ಷಣ ಮುಚ್ಚಿಟ್ಟು ಕೆಲಸಕ್ಕೆ ಬರುತ್ತಾರೆ. ಅದು ಅವರ ತಪ್ಪಲ್ಲ.

2021ರ ಫೆಬ್ರುವರಿ 17ರಂದು ದಕ್ಷಿಣ ಆಫ್ರಿಕಾ ತನ್ನ ಆರೋಗ್ಯ ಸಿಬ್ಬಂದಿಗೆ ಲಸಿಕೆ ಕೊಡಲು ಆರಂಭಿಸಿದ್ದು ಖಯೆಲಿತ್ಶಾದ ಜಿಲ್ಲಾಸ್ಪತ್ರೆಯಲ್ಲಿ. ಅಧ್ಯಕ್ಷ ಸಿರಿಲ್ ರಾಮಫೋಸಾ ಅಲ್ಲೇ ತೋಳು ಚಾಚಿದರು. ಸಿಸೋಂಕೆ ಎಂಬ ಆ ಕಾರ್ಯಕ್ರಮವನ್ನು ಮುನ್ನಡೆಸಿದ ಲಿಂಡಾ-ಗೇಲ್ ಬೆಕರ್, ಗ್ಲೆಂಡಾ ಗ್ರೇ ಇಬ್ಬರೂ ಎಚ್‌ಐವಿ ಸಂಶೋಧಕರು. ಸುಮಾರು 4.77 ಲಕ್ಷ ಸಿಬ್ಬಂದಿಗೆ ಲಸಿಕೆ ಸಿಕ್ಕಿತು. ಅವರಲ್ಲಿ ಸುಮಾರು ಶೇ. 8 ಮಂದಿ ಎಚ್‌ಐವಿ ಇದ್ದವರು. ಮಾತ್ರೆ ಕೊಡುವ ಕೈಗಳಲ್ಲಿ ಎಷ್ಟೋ ಕೈಗಳು ಮಾತ್ರೆ ನುಂಗುವ ಕೈಗಳೂ ಹೌದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಲೆಕ್ಕ ಬೇಕಿಲ್ಲ.

ಏಳು ತಿಂಗಳ ಪಾಸಿಟಿವ್

ಡರ್ಬನ್ನಿನ ಆಫ್ರಿಕಾ ಹೆಲ್ತ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ಅಲೆಕ್ಸ್ ಸಿಗಲ್ ಅವರ ತಂಡ ಕೋವಿಡ್ ಬಂದ ರೋಗಿಗಳನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಿತ್ತು. ಅವರಲ್ಲಿ ಒಬ್ಬ ಮಹಿಳೆಗೆ ಎಚ್‌ಐವಿ ಮುಂದುವರಿದ ಹಂತದಲ್ಲಿತ್ತು. ನುಂಗುತ್ತಿದ್ದ ಔಷಧ ಕೆಲಸ ಮಾಡುತ್ತಿರಲಿಲ್ಲ. ಬೇರೆಯವರ ಮೂಗಿನಿಂದ ಎರಡು ಮೂರು ವಾರದಲ್ಲಿ ಮಾಯವಾಗುವ ಕೊರೊನಾ ಆಕೆಯಲ್ಲಿ 216 ದಿನ ಕಂಡಿತು. ಆ ಅವಧಿಯಲ್ಲಿ ವೈರಸ್ಸು ಮೂವತ್ತಕ್ಕೂ ಹೆಚ್ಚು ಬದಲಾವಣೆಗಳನ್ನು ಕೂಡಿಸಿಕೊಂಡಿತ್ತು. ಆಕೆಯ ಕೋವಿಡ್ ಅಷ್ಟೇನೂ ತೀವ್ರವಾಗಿರಲಿಲ್ಲ. ಮತ್ತೆ ಮತ್ತೆ ಪರೀಕ್ಷೆ ಮಾಡದೆ ಹೋಗಿದ್ದರೆ ಯಾರಿಗೂ ಇದು ತಿಳಿಯುತ್ತಿರಲಿಲ್ಲ. ಎಚ್‌ಐವಿ ಔಷಧವನ್ನು ಬದಲಿಸಿ ಡೊಲುಟೆಗ್ರಾವಿರ್ ಇರುವ ಮಾತ್ರೆ ಕೊಟ್ಟ ಮೇಲೆ ಎಚ್‌ಐವಿ ಹತೋಟಿಗೆ ಬಂತು, ಕೊರೊನಾವೂ ಹೋಯಿತು.

ಆಕೆಯನ್ನು ಗುಣಪಡಿಸಿದ್ದು ಸರಿಯಾದ ಎಚ್‌ಐವಿ ಚಿಕಿತ್ಸೆ. ಕೊರೊನಾ ಪರೀಕ್ಷೆ ಮಾಡಿದ ಕೆಲಸವೆಂದರೆ ಎಚ್‌ಐವಿ ಔಷಧ ಸೋಲುತ್ತಿದೆ ಎಂದು ಎಚ್ಚರಿಸಿದ್ದು. ಎಚ್‌ಐವಿ ಇರುವವರೊಬ್ಬರಲ್ಲಿ ಕೊರೊನಾ ತಿಂಗಳುಗಟ್ಟಲೆ ಉಳಿದರೆ ವೈದ್ಯರು ಮೊದಲು ಕೇಳಬೇಕಾದದ್ದು ವೈರಲ್ ಲೋಡ್ (ರಕ್ತದಲ್ಲಿರುವ ಎಚ್‌ಐವಿ ಪ್ರಮಾಣ) ಎಷ್ಟು, ರೋಗನಿರೋಧಕ ಸಿಡಿ4 ಕಣಗಳು ಎಷ್ಟು ಎಂಬುದನ್ನು. ಸಿಡಿ4 ಎಣಿಕೆ 200ಕ್ಕಿಂತ ಕೆಳಗಿದ್ದರೆ ಕಾಯಿಲೆ ಮುಂದುವರಿದಿದೆ ಎಂದರ್ಥ. ಎರಡೂ ವೈರಸ್ಸುಗಳ ಚಿಕಿತ್ಸೆ ಅಲ್ಲಿಂದಲೇ ಆರಂಭವಾಗಬೇಕು.

2021ರ ನವೆಂಬರ್ 24ರಂದು ದಕ್ಷಿಣ ಆಫ್ರಿಕಾ, ಆಮೇಲೆ ಓಮಿಕ್ರಾನ್ ಎಂದು ಹೆಸರಾದ ಹೊಸ ಕೊರೊನಾ ತಳಿಯ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಿತು. ಆ ತಳಿಯನ್ನು ಮೊದಲು ಗುರುತಿಸಿದವರಲ್ಲಿ ಬೋಟ್ಸ್‌ವಾನಾದ ಎಚ್‌ಐವಿ ಪ್ರಯೋಗಾಲಯದ ಸಿಕುಲಿಲೆ ಮೋಯೊ ಒಬ್ಬರು. ಚಿಕಿತ್ಸೆ ಸಿಗದ ರೋಗಿಯಲ್ಲಿ ದೀರ್ಘಕಾಲ ಉಳಿದು ಆ ತಳಿ ಬೆಳೆದಿರಬಹುದು ಎಂಬುದು ವಿಜ್ಞಾನಿಗಳ ಹಲವು ಊಹೆಗಳಲ್ಲಿ ಒಂದು; ಅದಕ್ಕೆ ಪುರಾವೆಯಿಲ್ಲ. ಆದರೆ ಕೆಲವು ಪತ್ರಿಕೆಗಳು ಊಹೆಯನ್ನು ತೀರ್ಪಿನಂತೆ ಬರೆದವು. ಸತ್ಯ ಹೇಳಿದ ದೇಶಗಳಿಗೆ ಇತರ ದೇಶಗಳು ವಿಮಾನ ಬಂದ್ ಮಾಡಿ ಶಿಕ್ಷೆ ಕೊಟ್ಟವು. ಭಾರತದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳನ್ನು ಡಿಸೆಂಬರ್ 2ರಂದು ಪ್ರಕಟಿಸಿದ್ದು ಕರ್ನಾಟಕದಿಂದ. ಅವರಲ್ಲಿ ಒಬ್ಬರು ವಿದೇಶಕ್ಕೆ ಹೋಗಿರದ ಬೆಂಗಳೂರಿನ ವೈದ್ಯರು. ಆರೋಗ್ಯ ಸಿಬ್ಬಂದಿಯೊಬ್ಬರ ಪರೀಕ್ಷೆ, ಆ ಮಾದರಿಯ ಜೀನು ಪರಿಶೀಲನೆ ನಡೆಯದೆ ಇದ್ದಿದ್ದರೆ ಸೋಂಕು ಆಗಲೇ ಊರೊಳಗಿದೆ ಎಂಬ ಸುದ್ದಿ ಇನ್ನೂ ತಡವಾಗುತ್ತಿತ್ತು.

ಕರ್ನಾಟಕದ ಎಆರ್‌ಟಿ ಕೇಂದ್ರದಲ್ಲಿ

2019ರ ಅಂದಾಜಿನಂತೆ ಭಾರತದಲ್ಲಿ ಎಚ್‌ಐವಿ ಇದ್ದವರು 23.49 ಲಕ್ಷ, ಕರ್ನಾಟಕದಲ್ಲಿ 2.69 ಲಕ್ಷ. 2004ರ ಏಪ್ರಿಲ್ 1ರಿಂದ ಉಚಿತ ಎಆರ್‌ಟಿ ಸಿಗುತ್ತಿದೆ. ಎಆರ್‌ಟಿ ಕೇಂದ್ರಕ್ಕೆ ಬಂದವರ ದಿನಚರಿ ಬಲ್ಲವರಿಗೆ ಗೊತ್ತು: ಚಿಕಿತ್ಸೆಯ ಹಸಿರು ಪುಸ್ತಕ ಕೊಡುವುದು, ತೂಕ ನೋಡಿಸುವುದು, ಆಪ್ತಸಮಾಲೋಚಕರ ಮೇಜು, ಉಳಿದ ಮಾತ್ರೆ ಎಣಿಸುವುದು, ವೈದ್ಯರ ಕೊಠಡಿ, ಔಷಧ ಕೌಂಟರ್. ಪ್ರತಿ ಭೇಟಿಯಲ್ಲೂ ನಾಲ್ಕು ಪ್ರಶ್ನೆ ತಪ್ಪದೆ ಬರುತ್ತವೆ. ಕೆಮ್ಮು ಇದೆಯೇ? ಜ್ವರ ಇದೆಯೇ? ತೂಕ ಇಳಿದಿದೆಯೇ? ರಾತ್ರಿ ಬೆವರುತ್ತದೆಯೇ? ಇದು ಕ್ಷಯದ ತಪಾಸಣೆ. ಎಂದರೆ ಕೋವಿಡ್ ಬರುವ ವರ್ಷಗಳ ಮೊದಲೇ ಎಆರ್‌ಟಿ ಕೇಂದ್ರಗಳು ಪ್ರತಿಯೊಬ್ಬರ ಕೆಮ್ಮು, ಜ್ವರವನ್ನು ಪ್ರತಿ ಸಲ ಕೇಳಿ ಬರೆದಿಡುತ್ತಿದ್ದವು. 

2020ರ ಮಾರ್ಚ್ 25ರಂದು ದೇಶ ಬಂದ್ ಆಯಿತು. ಬಸ್ಸಿಲ್ಲ, ರೈಲಿಲ್ಲ. ಗುಟ್ಟು ಕಾಪಾಡಿಕೊಳ್ಳಲು ಪಕ್ಕದ ಜಿಲ್ಲೆಯ ಕೇಂದ್ರಕ್ಕೆ ಹೋಗಿ ಮಾತ್ರೆ ತರುತ್ತಿದ್ದವರು ಊರಲ್ಲೇ ಸಿಕ್ಕಿಬಿದ್ದರು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ತಿಂಗಳ ಬದಲು ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡಲು ಸೂಚಿಸಿತು. ಮನೆಯ ಹತ್ತಿರ ತಲುಪಿಸುವ ವ್ಯವಸ್ಥೆಗೂ ದಾರಿ ಮಾಡಿತು. ಕೇಪ್‌ಟೌನಿನಲ್ಲೂ ಸಮುದಾಯ ಕಾರ್ಯಕರ್ತೆಯರು ಔಷಧದ ಪೊಟ್ಟಣಗಳನ್ನು ಮನೆಗೆ ಮುಟ್ಟಿಸಿದರು. ಎಆರ್‌ಟಿ ಆರು ತಿಂಗಳು ನಿಂತರೆ ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿ ಐದು ಲಕ್ಷಕ್ಕೂ ಹೆಚ್ಚು ಹೆಚ್ಚುವರಿ ಸಾವು ಸಂಭವಿಸಬಹುದು ಎಂದು ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2020ರ ಮೇ ತಿಂಗಳಲ್ಲಿ ಎಚ್ಚರಿಸಿದ್ದವು. ಅಷ್ಟು ದೊಡ್ಡ ದುರಂತ ಆಗದಂತೆ ತಡೆದದ್ದರಲ್ಲಿ ಈ ಪೊಟ್ಟಣಗಳ ಪಾತ್ರ ದೊಡ್ಡದು. ಕ್ವಾಜುಲು-ನಟಾಲಿನ ಆ 65 ಕ್ಲಿನಿಕ್‌ಗಳಲ್ಲೂ ಹೊಸ ಪರೀಕ್ಷೆಗಳು ಕುಸಿದರೂ ಹಳೆಯ ರೋಗಿಗಳಿಗೆ ಮಾತ್ರೆ ಹೆಚ್ಚುಕಡಿಮೆ ತಪ್ಪದೆ ಸಿಕ್ಕಿತು.

ಕರ್ನಾಟಕ ತಪ್ಪಿದ್ದು ಬೇರೆ ಜಾಗದಲ್ಲಿ. ಮಾರ್ಚ್ ತಿಂಗಳಲ್ಲೇ ಹೋಂ ಕ್ವಾರಂಟೈನ್‌ನಲ್ಲಿದ್ದವರ ಕೈಗೆ ಸೀಲು ಒತ್ತಿದರು. ಅವರ ಮನೆ ವಿಳಾಸಗಳ ಪಟ್ಟಿಯನ್ನು ಸರ್ಕಾರವೇ ಪ್ರಕಟಿಸಿತು. ಅದು ವಾಟ್ಸ್‌ಆ್ಯಪ್‌ನಲ್ಲಿ ಊರೆಲ್ಲ ಸುತ್ತಿತು. ಪಾಸಿಟಿವ್ ಬಂದವರ ಬಾಗಿಲಿಗೆ ಪೋಸ್ಟರ್, ಬೀದಿಗೆ ತಗಡಿನ ಸೀಲ್‌ಡೌನ್. ಕಾನೂನಿನ ಅಧಿಕಾರವಿರುವವರ ನಿರ್ದಿಷ್ಟ ಆದೇಶವಿಲ್ಲದೆ ಮನೆ ಮುಂದೆ ಪೋಸ್ಟರ್ ಅಂಟಿಸಬಾರದೆಂದು ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ 2020ರ ಡಿಸೆಂಬರ್ 9 ಆಗಿತ್ತು. ಎಚ್‌ಐವಿ ಇದ್ದವರಿಗೆ ಈ ದೃಶ್ಯ ಹೇಗೆ ಕಂಡಿರಬಹುದು ಎಂದು ಯೋಚಿಸಬೇಕು. ಕೊರೊನಾ ಪರೀಕ್ಷೆಗೆ ಹೋದರೆ ಮನೆಗೆ ಆಂಬುಲೆನ್ಸ್ ಬರುತ್ತದೆ, ಅಧಿಕಾರಿಗಳು ಬರುತ್ತಾರೆ, ಬೇರೆ ಏನು ಕಾಯಿಲೆ, ಯಾವ ಮಾತ್ರೆ ಎಂದು ಅಂಗಳದಲ್ಲೇ ನಿಂತು ಕೇಳುತ್ತಾರೆ. ಒಂದು ಪರೀಕ್ಷೆಯ ಪಾಸಿಟಿವ್ ಇನ್ನೊಂದು ಪಾಸಿಟಿವ್ ಅನ್ನು ಬೀದಿಗೆ ಎಳೆಯುತ್ತದೆಂಬ ಭಯ ಇದ್ದವರು ಜ್ವರ ಬಂದರೂ ಪರೀಕ್ಷೆಗೆ ಹೋಗಲಾರರು.

ಇದಕ್ಕೆ ಮದ್ದು ದೇಶದ ಕಾನೂನಿನಲ್ಲೇ ಇತ್ತು. 2017ರ ಎಚ್‌ಐವಿ ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಎಚ್‌ಐವಿ ಪರೀಕ್ಷೆಗೆ ಮೊದಲು ತಿಳಿವಳಿಕೆ ಕೊಟ್ಟು ಒಪ್ಪಿಗೆ ಪಡೆಯಬೇಕು, ಮುಂಚೆಯೂ ಆಮೇಲೂ ಆಪ್ತಸಮಾಲೋಚನೆ ನಡೆಸಬೇಕು, ಫಲಿತಾಂಶವನ್ನು ಬಹಿರಂಗಪಡಿಸಬಾರದು ಎಂದು ಆ ಕಾಯ್ದೆ ಹೇಳುತ್ತದೆ. ಸೋಂಕಿನ ಅಪಾಯದಲ್ಲಿ ಕೆಲಸ ಮಾಡುವ ಸಿಬ್ಬಂದಿಗೆ ರಕ್ಷಣಾ ಸಾಮಗ್ರಿ ಮತ್ತು ತರಬೇತಿ ಕೊಡುವ, ಅಪಾಯಕ್ಕೆ ಒಳಗಾದರೆ ತಡೆ ಔಷಧ ಕೊಡುವ ಹೊಣೆಯನ್ನು ಸಂಸ್ಥೆಯ ಮೇಲೆ ಹೊರಿಸುತ್ತದೆ. ರೋಗಿಯ ಮಾನ ಮತ್ತು ಸಿಬ್ಬಂದಿಯ ಪ್ರಾಣ ಎರಡನ್ನೂ ಒಂದೇ ಕಾಯ್ದೆ ಕಾಯುತ್ತದೆ. ಕೋವಿಡ್ ನಿಯಮ ಬರೆದವರು ಇದನ್ನು ತೆರೆದು ನೋಡಿದ್ದರೆ ಸಾಕಿತ್ತು.

ಎಚ್‌ಐವಿ ಕಾರ್ಯಕ್ರಮದಿಂದ ಕೋವಿಡ್ ಎರವಲು ಪಡೆದ ಒಳ್ಳೆಯ ಪಾಠವೂ ಇದೆ. 1998ರಿಂದ ದೇಶದಲ್ಲಿ ಬಸುರಿಯರ ತಪಾಸಣಾ ಕೇಂದ್ರಗಳಲ್ಲಿ ತೆಗೆದ ರಕ್ತದ ಮಾದರಿಯಿಂದ ಎಚ್‌ಐವಿ ಎಷ್ಟು ಹರಡಿದೆ ಎಂದು ಅಂದಾಜಿಸುತ್ತಾರೆ. 2020ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಕೊರೊನಾ ಸಮೀಕ್ಷೆ ನಡೆಸಿದಾಗ ಬಸುರಿಯರನ್ನು ಒಂದು ಮುಖ್ಯ ಗುಂಪಾಗಿ ಸೇರಿಸಿಕೊಂಡಿತು. ರಾಜ್ಯದ ಸುಮಾರು ಶೇ. 27 ಮಂದಿಗೆ ಅದಾಗಲೇ ಸೋಂಕು ತಗಲಿತ್ತು ಎಂದು ಗೊತ್ತಾದದ್ದು ಹಾಗೆ. ಮೂರು ತಿಂಗಳ ಬಳಿಕ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ ದೇಶದ ಮೂರನೆಯ ಸಮೀಕ್ಷೆಯಲ್ಲಿ ಜನಸಾಮಾನ್ಯರಲ್ಲಿ ಶೇ. 21ರಷ್ಟು, ಆರೋಗ್ಯ ಸಿಬ್ಬಂದಿಯಲ್ಲಿ ಶೇ. 25ಕ್ಕೂ ಹೆಚ್ಚು ಮಂದಿಗೆ ಪ್ರತಿಕಾಯ ಕಂಡಿತು.

ತಪ್ಪು ಪಾಸಿಟಿವ್‌ನ ಬೆಲೆ

ಕೊರೊನಾ ಲಸಿಕೆಯೊಂದು ಎಚ್‌ಐವಿ ಪರೀಕ್ಷೆಗೆ ಅಡ್ಡ ಬಂದ ಒಂದು ಘಟನೆ ಆಸ್ಟ್ರೇಲಿಯಾದ್ದು. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ ತಯಾರಿಸಿದ ಕೊರೊನಾ ಲಸಿಕೆಯಲ್ಲಿ ಪ್ರೋಟೀನಿನ ಆಕಾರ ಹಿಡಿದಿಡಲು ಎಚ್‌ಐವಿಯ ಒಂದು ಪ್ರೋಟೀನಿನ ಚಿಕ್ಕ ತುಣುಕನ್ನು ಬಳಸಿದ್ದರು. ಆ ತುಣುಕಿನಿಂದ ಸೋಂಕು ಬರುವ ಪ್ರಶ್ನೆಯೇ ಇಲ್ಲ. ಲಸಿಕೆ ಸುರಕ್ಷಿತವಾಗಿತ್ತು, ಪ್ರತಿಕಾಯವೂ ಚೆನ್ನಾಗಿ ಬರುತ್ತಿತ್ತು. ಆದರೆ ಲಸಿಕೆ ಪಡೆದ ಸ್ವಯಂಸೇವಕರಲ್ಲಿ ಕೆಲವರಿಗೆ ಎಚ್‌ಐವಿ ಪರೀಕ್ಷೆ ಮಾಡಿದರೆ ತಪ್ಪು ಪಾಸಿಟಿವ್ ಬರತೊಡಗಿತು. ಮುಂದಿನ ಪರೀಕ್ಷೆಗಳಲ್ಲಿ ಎಚ್‌ಐವಿ ಇಲ್ಲವೆಂದು ದೃಢವಾಯಿತು. 2020ರ ಡಿಸೆಂಬರ್ 11ರಂದು ಆ ಲಸಿಕೆಯನ್ನೇ ಕೈಬಿಟ್ಟರು. ಕೋಟ್ಯಂತರ ಜನರಿಗೆ ಅದನ್ನು ಕೊಟ್ಟಿದ್ದರೆ ರಕ್ತದಾನ ಶಿಬಿರಗಳಲ್ಲಿ, ಬಸುರಿಯರ ತಪಾಸಣೆಯಲ್ಲಿ, ಎಚ್‌ಐವಿ ಪರೀಕ್ಷಾ ಕೇಂದ್ರಗಳಲ್ಲಿ ಎಷ್ಟು ಮನೆಗಳು ಸುಳ್ಳು ಸುದ್ದಿಗೆ ನಡುಗುತ್ತಿದ್ದವು! ಒಳ್ಳೆಯ ಲಸಿಕೆಯನ್ನು ಬಿಟ್ಟುಕೊಟ್ಟ ಆ ನಿರ್ಧಾರದ ಹಿಂದೆ ಎಚ್‌ಐವಿ ಪರೀಕ್ಷೆಯ ಮೇಲಿನ ಜನರ ನಂಬಿಕೆಯನ್ನು ಕಾಪಾಡುವ ಕಾಳಜಿಯಿತ್ತು.

ಮುಂದಿನ ಸಲಕ್ಕೆ

ಮುಂದಿನ ಸಾಂಕ್ರಾಮಿಕ ಬರುವ ಮುನ್ನ ಎಆರ್‌ಟಿ ಕೇಂದ್ರಗಳಲ್ಲಿ ಆಗಬೇಕಾದ ಕೆಲಸಗಳು ಈ ಉದಾಹರಣೆಗಳಿಂದಲೇ ಹೊರಡುತ್ತವೆ. ನಾಲ್ಕು ಪ್ರಶ್ನೆಯ ಕ್ಷಯ ತಪಾಸಣೆಯ ಪಕ್ಕದಲ್ಲೇ ಹೊಸ ಸೋಂಕಿನ ಪ್ರಶ್ನೆಗಳಿಗೂ ಜಾಗವಿರಲಿ. ಒಂದು ನೆಗೆಟಿವ್ ಬಂದರೆ ಇನ್ನೊಂದನ್ನು ಹುಡುಕುವುದು ಕಡ್ಡಾಯವಾಗಲಿ. ಮಾದರಿ ತೆಗೆಯುವ ಜಾಗ ಕಟ್ಟಡದ ಹೊರಗೆ, ಗಾಳಿ ಆಡುವ ಕಡೆ, ಇತರರ ಕಣ್ಣಿಗೆ ಬೀಳದಂತೆ ಇರಲಿ. ಪಾಸಿಟಿವ್ ಬಂದವರು ಅದೇ ದಿನ ಮೂರು ತಿಂಗಳ ಎಆರ್‌ಟಿ ಮಾತ್ರೆಯೊಂದಿಗೆ ಮನೆಗೆ ಹೋಗಲಿ. ಬರಿಗೈಲಿ ಯಾರನ್ನೂ ಗೇಟಿನಿಂದ ವಾಪಸ್ ಕಳುಹಿಸಬಾರದು. ಕ್ಷಯದ ಯಂತ್ರವನ್ನು ಇನ್ನೊಂದು ಕೆಲಸಕ್ಕೆ ಕೊಡುವ ಮೊದಲು ಕ್ಷಯಕ್ಕೆ ಎಷ್ಟು ಖಾನೆ ಮೀಸಲು ಎಂದು ಬರೆದಿಡಲಿ.

ಸಿಬ್ಬಂದಿಯ ವಿಷಯದಲ್ಲೂ ಇಷ್ಟೇ ಸ್ಪಷ್ಟತೆ ಬೇಕು. ವೈದ್ಯರಿಂದ ಹಿಡಿದು ಕಸ ಗುಡಿಸುವವರವರೆಗೆ, ಕಾಯಂ ನೌಕರರಿಂದ ಹಿಡಿದು ಗುತ್ತಿಗೆಯವರವರೆಗೆ ಪರೀಕ್ಷೆಯ ನಿಯಮ ಒಂದೇ ಆಗಿರಬೇಕು. ಪಾಸಿಟಿವ್ ಬಂದರೆ ಸಂಬಳ ಸಹಿತ ರಜೆ ಸಿಗಬೇಕು. ಎಚ್‌ಐವಿ ಇರುವ ಸಿಬ್ಬಂದಿ ಮೇಲಧಿಕಾರಿಗೆ ಕಾಯಿಲೆ ಹೇಳಿಕೊಳ್ಳದೆಯೂ ಅಪಾಯ ಕಡಿಮೆಯಿರುವ ಕೆಲಸ ಕೇಳಲು ಅವಕಾಶವಿರಬೇಕು. ಒಬ್ಬರಿಗೆ ಸೋಂಕು ಬಂದರೆ ಇಡೀ ಕೇಂದ್ರಕ್ಕೆ ಬೀಗ ಹಾಕುವ ಬದಲು, ಮಾತ್ರೆ ಕೊಡುವ ಕೆಲಸವನ್ನು ಆ ದಿನ ಯಾರು ಎಲ್ಲಿಂದ ಮಾಡುತ್ತಾರೆ ಎಂಬುದು ಮೊದಲೇ ನಿಗದಿಯಾಗಿರಬೇಕು.

ಇವುಗಳಲ್ಲಿ ಹೆಚ್ಚಿನವಕ್ಕೆ ಹೊಸ ಕಟ್ಟಡವಾಗಲಿ, ಹೊಸ ಕಾಯ್ದೆಯಾಗಲಿ ಬೇಡ. ಜಿಲ್ಲಾ ಏಡ್ಸ್ ನಿಯಂತ್ರಣ ಘಟಕ, ಕ್ಷಯ ಕಾರ್ಯಕ್ರಮದ ಅಧಿಕಾರಿಗಳು ಮತ್ತು ಸೋಂಕಿನೊಂದಿಗೆ ಬದುಕುತ್ತಿರುವವರ ಸಂಘಗಳು ಒಂದು ಮೇಜಿನ ಸುತ್ತ ಕುಳಿತು ಬರೆಯಬಹುದಾದ ಕೆಲವು ಪುಟಗಳ ಯೋಜನೆ ಸಾಕು. ಈ ಸಭೆಯಲ್ಲಿರುವ ವೈದ್ಯಕೀಯ ಮತ್ತು ನರ್ಸಿಂಗ್ ವಿದ್ಯಾರ್ಥಿಗಳಲ್ಲಿ ಕೆಲವರು ಮುಂದೆ ಅಂಥ ಮೇಜಿನಲ್ಲಿ ಕೂರುವವರು. ಅವರು ತಮ್ಮ ಜಿಲ್ಲೆಯ ಎಆರ್‌ಟಿ ಕೇಂದ್ರಕ್ಕೆ ಹೋಗಿ, 2020 ಮತ್ತು 2021ರಲ್ಲಿ ಅಲ್ಲಿ ಕೆಲಸ ಮಾಡಿದ ಆಪ್ತಸಮಾಲೋಚಕರು, ತಂತ್ರಜ್ಞರು, ಕೇರ್ ಕೋಆರ್ಡಿನೇಟರ್‌ಗಳ ಅನುಭವವನ್ನು ಕೇಳಿ ಬರೆದುಕೊಳ್ಳಲಿ. ಆ ಯೋಜನೆಯ ಮೊದಲ ಕರಡು ಆ ಸಿಬ್ಬಂದಿಯ ಬಾಯಲ್ಲೇ ಸಿದ್ಧವಾಗಿದೆ.